ನಾಲ್ಕು ಗಂಟೆಯವರೆಗೆ ಒಂದು ಹಲ್ಲು

ಬುಧವಾರ ಬೆಳಗ್ಗೆ ಬೇವಿನ ಕಡ್ಡಿ ಬಾಯಿಗಿಟ್ಟ ಮಾಯಣ್ಣ ಬಚ್ಚಲ ಕಲ್ಲಿನ ಮೇಲೆ ಕೂತಲ್ಲೇ ಬೆಚ್ಚಿದ. ಮೇಲಿನ ಸಾಲಿನ ಮುಂದಿನ ಹಲ್ಲು ಅಲ್ಲಾಡಿತ್ತು. ನಾಲಿಗೆಯ ತುದಿಯಿಂದ ಇನ್ನೊಂದು ಸಲ ಮುಟ್ಟಿ ನೋಡಿದ. ಹಲ್ಲು ಒಳಕ್ಕೆ ಹೋಗಿ ಹೊರಕ್ಕೆ ಬಂತು.

"ನಿಂಗೆ ಇವತ್ತೇ ಆಗ್ಬೇಕಿತ್ತಾ?" ಎಂದು ಹಲ್ಲನ್ನೇ ಕೇಳಿದ.

ಐವತ್ತೊಂದು ವರ್ಷದವನ ಹಲ್ಲು ಅಲ್ಲಾಡುವುದು ಸುದ್ದಿಯೇನಲ್ಲ. ಆದರೆ ಮಾಯಣ್ಣನ ಹಲ್ಲು ಅವನೊಬ್ಬನದೇ ಆಗಿರಲಿಲ್ಲ. ತಿಪಟೂರಿನ ಏಕಾಂತಯ್ಯನವರ ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಮಾಲು ನೋಡುವವನು ಅವನು. ರೈತರು ತಂದ ರಾಶಿಯಿಂದ ಎರಡು ಗಿಟುಕು, ಅಂದರೆ ಇಡೀ ಕೊಬ್ಬರಿ, ಎತ್ತಿಕೊಂಡು, ಒಂದಕ್ಕೊಂದು ತಟ್ಟಿ, ಕಿವಿಯ ಹತ್ತಿರ ಹಿಡಿದು, ಆಮೇಲೆ ಒಂದನ್ನು ಒಡೆದು ಚೂರನ್ನು ಮುಂದಿನ ಹಲ್ಲಿನಲ್ಲಿ ಕಟ್ಟನೆ ಕಚ್ಚಿ, ಕಣ್ಣು ಮುಚ್ಚಿ ಅವನು "ಒಣಗೈತೆ" ಎಂದರೆ ಒಣಗಿದೆ. "ಇನ್ನೊಂದು ತಿಂಗ್ಳು ಅಟ್ಟದ ಮೇಲೆ ಇರ್ಬೇಕಿತ್ತು" ಎಂದರೆ ಇರಬೇಕಿತ್ತು. ಅದರ ಮೇಲೆ ಅಪೀಲಿಲ್ಲ. ಅವನ ಅಪ್ಪನೂ ಅದೇ ಮಂಡಿಯಲ್ಲಿ, ಅದೇ ಜಾಗದಲ್ಲಿ ಗೋಣಿತಾಟು ಹಾಸಿಕೊಂಡು ಕೂತು ಕಚ್ಚಿದವನು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೈತರೂ ಅವನನ್ನು ಹಲ್ಲಿನ ಮಾಯಣ್ಣ ಎಂದೇ ಕರೆಯುತ್ತಿದ್ದರು. ಆ ಹಲ್ಲು ಹೋದರೆ ಮಾಯಣ್ಣ ಎಂಬ ಹೆಸರು ಮಾತ್ರ ಉಳಿಯುತ್ತದೆ, ಆ ಹೆಸರಿನವರು ಊರಿಗೆ ನಾಲ್ಕು ಜನ ಇದ್ದಾರೆ.

ಅಂಥ ಹಲ್ಲು ಅಲ್ಲಾಡಿದ್ದು ಅಂಥ ದಿನ. ಅವತ್ತು ಸಾಯಂಕಾಲ ನಾಲ್ಕು ಗಂಟೆಗೆ ಮಂಡಿಯಲ್ಲಿ ಹಲ್ಲಿನ ಎಣಿಕೆ ಇತ್ತು.

ಈ ಎಣಿಕೆಯ ಮೂಲ ಏಕಾಂತಯ್ಯನವರ ಬಾಯಲ್ಲಿತ್ತು. ಎಂಬತ್ತೆರಡನೇ ಇಸವಿಯ ಆ ಬೇಸಿಗೆಯಲ್ಲಿ ಅವರು ಬೆಂಗಳೂರಿಗೆ ಹೋಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದರು. ಅಲ್ಲಿ ಡಾಕ್ಟರ ಬಾಗಿಲಲ್ಲಿ ಅವರ ಪಕ್ಕ ಕೂತಿದ್ದವನು ಯಾವುದೋ ಕಾರ್ಖಾನೆಯ ಫಿಟ್ಟರು. ಅವನ ಬಾಯಿಯ ಖರ್ಚನ್ನೆಲ್ಲ ಕಂಪನಿಯೇ ಕೊಡುತ್ತದೆ, ಅದಕ್ಕೊಂದು ವಿಮೆ ಉಂಟು ಎಂದು ಕೇಳಿ ಏಕಾಂತಯ್ಯನವರಿಗೆ ಅವಮಾನವಾಯಿತು. ಮೂರು ತಲೆಮಾರಿನ ಮಂಡಿ ತಮ್ಮದು, ಹಮಾಲಿಗಳಿಗೆ ಹಬ್ಬಕ್ಕೆ ಪಂಚೆ ಕೊಡುವ ಮನೆತನ, ಹಲ್ಲಿನ ವಿಚಾರದಲ್ಲಿ ಬೆಂಗಳೂರಿನವರಿಗಿಂತ ಹಿಂದೆ ಬೀಳುವುದೇ? ಊರಿಗೆ ಬಂದವರೇ ಗುಮಾಸ್ತೆ ಕಾಡಸಿದ್ದಪ್ಪನನ್ನು ಕರೆದು, "ನಮ್ಮ ಮಂಡೀಲೂ ಹಲ್ಲಿಗೆ ವಿಮೆ ಮಾಡೋಣ ಕಣಯ್ಯ" ಎಂದರು.

ಕಾಡಸಿದ್ದಪ್ಪ ಬೆಂಗಳೂರಿನ ತನ್ನ ಷಡ್ಡಕನಿಂದ ಒಂದು ಕಂಪನಿಯ ರೂಲಿನ ಕಾಗದ ತರಿಸಿದ. ನಾಲ್ಕು ಹಾಳೆ, ಎಲ್ಲ ಇಂಗ್ಲಿಷು. ಯಜಮಾನರೂ ಗುಮಾಸ್ತೆಯೂ ಒಂದು ವಾರ ಕೂತು ಅದನ್ನು ತಿಪಟೂರಿಗೆ ಒಗ್ಗಿಸಿದರು. ಏಕಾಂತಯ್ಯನವರಿಗೆ ಲೋಕದಲ್ಲಿ ಚೆನ್ನಾಗಿ ಗೊತ್ತಿದ್ದದ್ದು ಕೊಬ್ಬರಿಯೊಂದೇ. ಹಾಗಾಗಿ ಹಲ್ಲನ್ನೂ ಅವರು ಕೊಬ್ಬರಿ ಎಂದೇ ತಿಳಿದು ಯೋಚಿಸಿದರು. ಸಂಬಳದಲ್ಲಿ ಆಳಿಗೆ ಒಂದು ರೂಪಾಯಿ ಹಿಡಿಯುವುದು, ಮಂಡಿಯಿಂದ ಒಂದು ರೂಪಾಯಿ ಸೇರಿಸುವುದು, ಅದು ಮೊದಲನೇ ರೂಲು. ಕೆಟ್ಟ ಹಲ್ಲು ಕೀಳಿಸಲು ಪೂರ್ತಿ ಖರ್ಚು ಮಂಡಿಯದು, ಯಾಕೆಂದರೆ ಚೀಲದಲ್ಲಿ ಕೊಳೆತದ್ದನ್ನು ತಕ್ಷಣ ತೆಗೆಯದಿದ್ದರೆ ಪಕ್ಕದ್ದೂ ಕೆಡುತ್ತದೆ. ತೂತಾದ ಹಲ್ಲಿಗೆ ಸಿಮೆಂಟು ತುಂಬಿಸಲು ಅರ್ಧ ಮಾತ್ರ, ಯಾಕೆಂದರೆ ಅದು ಹಲ್ಲಿನ ಮೇಲಿನ ಮಮಕಾರದ ಖರ್ಚು. ಒಂದು ಬಾಯಿಗೆ ವರ್ಷಕ್ಕೆ ಎರಡೇ ಹಲ್ಲು. ಇವಿಷ್ಟೂ ಎರಡನೇ ರೂಲು.

ಮೂರನೇ ರೂಲು ಬರೆಸುವಾಗ ಏಕಾಂತಯ್ಯನವರು ಬಾಯಿಂದ ಸೆಟ್ಟು ತೆಗೆದು ಹಿತ್ತಾಳೆ ಲೋಟದ ನೀರಿಗೆ ಹಾಕಿದರು. ಘನವಾದ ವಿಚಾರ ಬಂದಾಗಲೆಲ್ಲ ಅವರು ಹಾಗೆ ಮಾಡುತ್ತಿದ್ದರು. "ಮೊದ್ಲು ಮಾಲು ನೋಡ್ಬೇಕು. ಹುಳ ಬಿದ್ದಿದ್ದನ್ನ ತಂದು ನನ್ನ ತಲೆಗೆ ಕಟ್ಟಿದ್ರೆ? ಡಾಕ್ಟರ್ನ ಕರ್ಸಿ ಎಲ್ಲಾರ ಬಾಯಿ ಎಣಿಸ್ಬೇಕು. ಎಣಿಕೆ ದಿನ ಬಾಯಲ್ಲಿದ್ದ ಹಲ್ಲು ಆಮೇಲೆ ಹೋದ್ರೆ ಹೊಸದು ಕಟ್ಟಿಸೋ ವಿಚಾರ. ಎಣಿಕೆಗೆ ಮುಂಚೇನೇ ಹೋಗಿದ್ದು ಅವರವರ ಕರ್ಮ."

ನಾಲ್ಕನೆಯದು ಕೊನೆಯ ರೂಲು. ಮಂಡಿಯ ಕೆಲಸಕ್ಕೆ ಹಲ್ಲು ಬೇಕೇಬೇಕು ಎನ್ನುವವರಿಗೆ ಮಾತ್ರ ಹೊಸ ಹಲ್ಲು. ಉಳಿದವರಿಗೆ ಕೀಳುವುದು, ತುಂಬುವುದು ಅಷ್ಟೇ. "ಆ ರೂಲಿನೊಳಗೆ ಇರೋನು ನೀನೊಬ್ಬನೇ ಕಣಪ್ಪ" ಎಂದು ಕಾಡಸಿದ್ದಪ್ಪ ಮಾಯಣ್ಣನಿಗೆ ಗುಟ್ಟಾಗಿ ಹೇಳಿದ್ದ.

ಗುಟ್ಟು ಮಧ್ಯಾಹ್ನದೊಳಗೆ ಹಮಾಲಿಗಳಿಗೆ ತಲುಪಿತು. ಅವರ ಮುಖಂಡ ಹುಚ್ಚರಂಗಯ್ಯ ನೇರ ಯಜಮಾನರ ಗಾದಿಯ ಮುಂದೆ ಹೋಗಿ ನಿಂತ. "ಸಾವ್ಕಾರ್ರೇ, ನಮ್ದು ಹಲ್ಲಲ್ವಾ? ಚೀಲದ ಹುರಿ ನಾವು ಹಲ್ನಾಗೇ ಕಡಿಯೋದು."

"ಹುರಿ ಕುಯ್ಯಕ್ಕೆ ನಿಮ್ಗೆಲ್ಲ ಚಾಕು ಕೊಟ್ಟಿಲ್ವೇನಯ್ಯ? ಕೆಲ್ಸಕ್ಕೆ ಬೇರೆ ಸಾಮಾನು ಇರೋವಾಗ ಹಲ್ಲು ಬೇಕೇಬೇಕು ಅಂತ ಹೆಂಗಾಯ್ತು?" ಎಂದರು ಏಕಾಂತಯ್ಯನವರು. ಹುಚ್ಚರಂಗಯ್ಯ ಚೀಲದ ರಾಶಿಯ ಕಡೆಗೆ ವಾಪಸು ಹೋದ. ಅಂದಿನಿಂದ ಅವನು ಮಾಯಣ್ಣನ ಬಾಯಿಯನ್ನು ಒಂದು ಥರ ನೋಡುತ್ತಿದ್ದ.

ಹೀಗಾಗಿ ಮಾಯಣ್ಣ ಆ ಬುಧವಾರ ಮಾಡಬೇಕಾದ್ದು ಒಂದೇ ಕೆಲಸ. ನಾಲ್ಕು ಗಂಟೆಯವರೆಗೆ ಹಲ್ಲು ಬಾಯಲ್ಲಿರಬೇಕು. ನಾಲ್ಕೂ ಹತ್ತಕ್ಕೆ ಬಿದ್ದರೆ ಮಂಡಿಯ ಖರ್ಚಿನಲ್ಲಿ ಹೊಸ ಹಲ್ಲು, ಹಳೇ ಹೆಸರು. ಮೂರೂ ಐವತ್ತಕ್ಕೆ ಬಿದ್ದರೆ ಅವನ ಕರ್ಮ.

"ಬಾಯಿ ಮುಚ್ಕೊಂಡಿರು" ಎಂದಳು ಹೆಂಡತಿ ತಿಮ್ಮಕ್ಕ. "ಅದೊಂದು ಮಾಡು ಸಾಕು. ಮದ್ವೆ ಆದಾಗ್ನಿಂದ ನಾನು ಕೇಳ್ತಿರೋದೂ ಅದೊಂದೇಯ."

ಮುದ್ದೆ ಅವತ್ತು ಅವನ ಕೈ ಹಿಡಿಯಿತು. ಮುದ್ದೆಯನ್ನು ಅಗಿಯುವ ಕೆಲಸವಿಲ್ಲ. ಉಪ್ಸಾರಿನಲ್ಲಿ ಅದ್ದಿ ಒಂದೊಂದೇ ತುತ್ತು ನುಂಗುತ್ತ, ಸಾರಿನಲ್ಲಿದ್ದ ಕಾಳನ್ನು ತಟ್ಟೆಯ ಅಂಚಿಗೆ ಸರಿಸುತ್ತ ಕೂತಿದ್ದಾಗ ಪಕ್ಕದ ಮನೆಯ ಅಂಕಮ್ಮ ಬೆಂಕಿ ಕೇಳಲು ಬಂದಳು. ಆಕೆ ಯಾರ ಮನೆಗೇ ಬರಲಿ, ಬಂದ ಕೆಲಸ ಮರೆಯುತ್ತಿದ್ದಳು.

"ಕಾಳು ಯಾಕೆ ಬುಟ್ಟಿದೀಯಾ? ಹಲ್ಲು ನೋವಾ? ತೋರ್ಸು!"

ಮಾಯಣ್ಣ ಬಾಯಿ ತೆರೆಯಲಿಲ್ಲ. ತಿಮ್ಮಕ್ಕನೇ ಹೇಳಿಬಿಟ್ಟಳು. ಅಂಕಮ್ಮ ಸೆರಗಿನ ಗಂಟಿನಿಂದ ನೂಲಿನ ಉಂಡೆ ತೆಗೆದಳು. "ನಮ್ಮ ಯಜಮಾನ್ರವು ಐದು ಹಲ್ಲು ನಾನೇ ಕಿತ್ತಿದ್ದು ಕಣೇ. ಒಂದ್ಕಡೆ ಹಲ್ಲಿಗೆ ಕಟ್ಟೋದು, ಇನ್ನೊಂದ್ಕಡೆ ಕದಕ್ಕೆ ಕಟ್ಟೋದು, ಕದ ದಬ್ಬೋದು. ಅವ್ರಿಗೆ ಗೊತ್ತೇ ಆಗ್ತಿರ್ಲಿಲ್ಲ, ಪಾಪ."

"ನಾಳೆ" ಎಂದ ಮಾಯಣ್ಣ, ತುಟಿ ಬಿಚ್ಚದಂತೆ. "ನಾಳೆ ಕೀಳಕ್ಕ."

"ನಾಳೆ ಗುರುವಾರ. ಗುರುವಾರ ನಾನು ಹಲ್ಲು ಕೀಳಲ್ಲ."

ಕೀಳಲು ಬಿಡದಿದ್ದರೆ ಗಟ್ಟಿಯಾದರೂ ಮಾಡುತ್ತೇನೆಂದು ಅಂಕಮ್ಮ ಮನೆಗೆ ಓಡಿ, ಪಟಿಕವನ್ನೂ ಲವಂಗವನ್ನೂ ಅರೆದು ತಂದು, ಅವನ ಗದ್ದ ಹಿಡಿದು, ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಹಚ್ಚಿದಳು. ಅಲ್ಲಾಡುತ್ತಿದ್ದ ಹಲ್ಲು ಒಂದು ಪಕ್ಕಕ್ಕೆ ವಾಲಿತು. ಮಾಯಣ್ಣ ಟವಲಿನಿಂದ ಬಾಯಿ ಮುಚ್ಚಿಕೊಂಡು ಮನೆಯಿಂದ ಹೊರಬೀಳುವ ಹೊತ್ತಿಗೆ ಬೀದಿಯ ಏಳು ಮನೆಯವರು ಹೊಸ್ತಿಲಲ್ಲಿ ನಿಂತು "ಹೆಂಗೈತೆ ಈಗ?" ಎಂದು ಕೇಳುತ್ತಿದ್ದರು. ಅವನು ಎಲ್ಲರಿಗೂ ತಲೆಯಾಡಿಸಿಯೇ ಉತ್ತರ ಕೊಟ್ಟ.

ಮಂಡಿಯಲ್ಲಿ ಹುಚ್ಚರಂಗಯ್ಯ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಮುತ್ತುಗದ ಎಲೆ, ಎಲೆಯಲ್ಲಿ ಕೊಬ್ಬರಿ ಬೆಲ್ಲ. "ರಾತ್ರಿ ಸುದ್ದಿ ಬಂತು ಕಣಣ್ಣ. ಮೊಮ್ಮಗ ಹುಟ್ಟವ್ನೆ. ಮೊದ್ಲು ನೀನು ಬಾಯಿ ಸಿಹಿ ಮಾಡ್ಕೋ."

ಮಗು ಹುಟ್ಟಿದ ಕೊಬ್ಬರಿ ಬೆಲ್ಲವನ್ನು ಬೇಡ ಎನ್ನುವವರು ನಮ್ಮ ಸೀಮೆಯಲ್ಲಿಲ್ಲ. ಜೇಬಿಗೆ ಹಾಕಿಕೊಂಡರೂ ತಪ್ಪು, ಕೊಟ್ಟವರ ಎದುರಿಗೇ ಬಾಯಿಗೆ ಹಾಕಿಕೊಳ್ಳಬೇಕು. ಮಾಯಣ್ಣ ಹುಚ್ಚರಂಗಯ್ಯನ ಮುಖ ನೋಡಿದ. ಅಲ್ಲಿ ಮೊಮ್ಮಗನ ಸಂತೋಷ ನಿಜವಾಗಿಯೂ ಇತ್ತು, ಅದರ ಹಿಂದೆ ಇನ್ನೊಂದು ಸಂತೋಷವೂ ಇಣುಕುತ್ತಿತ್ತು. ಕೊಬ್ಬರಿಯ ಚೂರೋ ಹೆಬ್ಬೆರಳಿನಷ್ಟು ದಪ್ಪ. ಮಾಯಣ್ಣ ಅದನ್ನು ಬಾಯಿಯ ಮೂಲೆಯಿಂದ ಒಳಗೆ ಸೇರಿಸಿ, ಕೆನ್ನೆಯ ಸಂದಿಯಲ್ಲಿಟ್ಟುಕೊಂಡು, ಕೈ ಮುಗಿದು ತನ್ನ ಜಾಗಕ್ಕೆ ಹೋಗಿ ಕೂತ. ಬೆಲ್ಲ ಸ್ವಲ್ಪ ಹೊತ್ತಿಗೆ ಕರಗಿತು. ಕೊಬ್ಬರಿ ಕರಗಲಿಲ್ಲ. ಒಳ್ಳೆಯ ಮಾಲು, ಒಂದು ವರ್ಷ ಒಣಗಿದ್ದು.

ಹತ್ತು ಗಂಟೆಗೆ ಅರಳಗುಪ್ಪೆಯ ಶಿವರುದ್ರಮ್ಮನವರ ಗಾಡಿ ಬಂತು. ಸ್ವಂತ ತೋಟವನ್ನು ಸ್ವಂತ ಕಣ್ಣಿನಲ್ಲಿ ನೋಡಿಕೊಳ್ಳುವ ಹೆಂಗಸು, ಮಾಲಿನ ಜೊತೆ ತಾವೇ ಬರುವವರು. ಎಂಟು ಚೀಲ ಇಳಿಸಿ, ಒಂದು ಗಿಟುಕನ್ನು ತಾವೇ ಒಡೆದು, ಚೂರನ್ನು ಮಾಯಣ್ಣನ ಮುಂದೆ ಹಿಡಿದರು.

"ಕಚ್ಚು ಮಾಯಣ್ಣ."

ಮಾಯಣ್ಣ ಕಚ್ಚಲಿಲ್ಲ. ಎರಡು ಗಿಟುಕು ತಟ್ಟಿ ಕಿವಿಗೆ ಹಿಡಿದ.

"ಕೇಳಿದ್ದು ಸಾಕು, ಕಚ್ಚು. ನಮ್ಮತ್ತೆ ಕಾಲ್ದಲ್ಲಿ ನಿಮ್ಮಪ್ಪ ಕಚ್ಚಿ ಹೇಳ್ತಿದ್ದ. ಕಚ್ಚದೇನೇ ಹೇಳಿದ್ರೆ ನಾನು ಹೆಂಗಪ್ಪ ನಂಬ್ಲಿ?"

ಸುತ್ತ ಜನ ಸೇರಿದರು. ಮಾಯಣ್ಣನ ತಲೆಯಲ್ಲಿ ಹೊಳೆದದ್ದು ಒಂದೇ ಸುಳ್ಳು. ಒಂದು ಕೈಯಿಂದ ಟವಲು ಸರಿಸಿ, ಸಾಧ್ಯವಾದಷ್ಟು ಕಡಿಮೆ ಬಾಯಿ ತೆರೆದು ಹೇಳಿದ: "ಹರಕೆ ಐತೆ ಅಮ್ಮಾವ್ರೇ. ಇವತ್ತು ಹೊತ್ತು ಮುಳುಗೋಗಂಟ ಕೊಬ್ಬರೀನ ಹಲ್ಲಿಗೆ ತಾಗಿಸಂಗಿಲ್ಲ."

ಶಿವರುದ್ರಮ್ಮನವರ ಮುಖ ಮೆತ್ತಗಾಯಿತು. ಹರಕೆ ಎಂದ ಮೇಲೆ ಎದುರಾಡುವಂತಿಲ್ಲ. ಅಷ್ಟರಲ್ಲಿ ಹಿಂದಿನಿಂದ ಹುಚ್ಚರಂಗಯ್ಯನ ಧ್ವನಿ ಬಂತು. "ಹಂಗಾರೆ ಈಗ ಕೆನ್ನೇಲಿ ಇಟ್ಕೊಂಡಿರೋದು ಏನಣ್ಣ? ನಾನು ಕೊಟ್ಟ ಕೊಬ್ಬರಿ ಅಲ್ವಾ?"

ಎಲ್ಲರೂ ಮಾಯಣ್ಣನ ಉಬ್ಬಿದ ಕೆನ್ನೆಯನ್ನು ನೋಡಿದರು.

"ಹಲ್ಲಿಗೆ ತಾಗ್ಸಿಲ್ಲ" ಎಂದ ಮಾಯಣ್ಣ. ಹಾಗೆಂದವನೇ ಹೆಬ್ಬೆರಳು ಗಾತ್ರದ ಕೊಬ್ಬರಿಯನ್ನು ಇಡಿಯಾಗಿ ನುಂಗಿದ. ಅದು ಗಂಟಲಲ್ಲಿ ನಿಧಾನವಾಗಿ, ಇಷ್ಟಿಷ್ಟೇ ಇಳಿದುಹೋಯಿತು. ಅವನ ಎರಡು ಕಣ್ಣಿನಲ್ಲೂ ನೀರು ತುಂಬಿತು. ಅದನ್ನು ನೋಡಿ ಶಿವರುದ್ರಮ್ಮನವರು "ಎಂಥ ಭಕ್ತಿ ನೋಡ್ರೋ" ಎಂದು ಕೈ ಮುಗಿದರು. ಹುಚ್ಚರಂಗಯ್ಯನಿಗೂ ಕೈ ಮುಗಿಯದೆ ಬೇರೆ ದಾರಿ ಇರಲಿಲ್ಲ.

ಇಲ್ಲೊಂದು ಗುಟ್ಟು ಹೇಳಬೇಕು. ತಿಮ್ಮಕ್ಕನಿಗೂ ಗೊತ್ತಿಲ್ಲದ್ದು. ಮಾಯಣ್ಣನ ಹಲ್ಲಿಗೆ ಕೊಬ್ಬರಿಯ ವಿಚಾರ ಏನೇನೂ ತಿಳಿಯದು. ತಿಳಿಯುವುದೆಲ್ಲ ಅವನ ಕಿವಿಗೆ. ಗಿಟುಕು ಗಿಟುಕಿಗೆ ತಾಗಿದ ಸದ್ದಿನಲ್ಲಿ ಹಸಿಯೋ ಒಣಗಿದ್ದೋ, ಒಳಗೆ ಬೂಷ್ಟು ಹಿಡಿದಿದೆಯೋ ಎಂಬುದು ಅವನಿಗೆ ಆಗಲೇ ಗೊತ್ತಾಗಿರುತ್ತಿತ್ತು. ಹುಡುಗನಾಗಿದ್ದಾಗ ಅಪ್ಪನನ್ನು ಕೇಳಿದ್ದ, ಹಾಗಾದರೆ ಕಚ್ಚುವುದು ಯಾಕೆ ಎಂದು. "ನಿನ್ನ ಕಿವಿ ಏನು ಕೇಳ್ತು ಅಂತ ರೈತಂಗೆ ಕಾಣಲ್ಲ ಮಗ. ನೀನು ಕಚ್ಚೋದು ಕಾಣ್ತದೆ. ವರ್ಷ ದುಡಿದು ತಂದಿರ್ತಾನೆ, ಒಬ್ಬ ಮನುಷ್ಯ ಬಾಯಿಗಿಟ್ಟು ನೋಡ್ದ ಅನ್ನೋ ಸಮಾಧಾನ ಅವ್ನಿಗೆ ಬೇಡ್ವಾ?" ಎಂದಿದ್ದ ಅಪ್ಪ. ಮಾಯಣ್ಣನಿಗೆ ಆ ಮಾತು ಮರೆತಿರಲಿಲ್ಲ. ಇಪ್ಪತ್ತಾರು ವರ್ಷ ಅವನು ಕಚ್ಚಿದ್ದು ಕೊಬ್ಬರಿಗಾಗಿ ಅಲ್ಲ, ಎದುರಿಗೆ ನಿಂತವರಿಗಾಗಿ.

ಇವತ್ತು ಕಿವಿಯೊಂದೇ ದಿಕ್ಕು. ಅವನು ಕಣ್ಣು ಮುಚ್ಚಿ ಶಿವರುದ್ರಮ್ಮನವರ ಚೀಲಗಳಿಗೆ ಕೈ ಹಾಕಿದ. ನಾಲ್ಕು ಚೀಲ ಸರಿಯಾಗಿ ನುಡಿದವು. ಐದನೆಯದರ ನಡುವಿನಿಂದ ಒಂದೊಂದೇ ಗಿಟುಕು ತೆಗೆದು ತಟ್ಟಿ ತಟ್ಟಿ ಏಳನ್ನು ಬೇರೆ ಇಟ್ಟು, "ಇವು ಹಸಿ" ಎಂದ. ಶಿವರುದ್ರಮ್ಮನವರು ನಂಬದೆ ಏಳನ್ನೂ ಒಡೆಸಿದರು. ಏಳರ ಒಳಗೂ ತೇವವಿತ್ತು.

"ಹಿಂದಿನ ಅಟ್ಟದ್ದು ಕಣಪ್ಪ. ಹೆಂಚು ಸೋರಿತ್ತು" ಎಂದು ಆಕೆ ಒಪ್ಪಿಕೊಂಡರು. ಆಮೇಲೆ ಇಡೀ ಮಾರ್ಕೆಟ್ ಯಾರ್ಡಿಗೆ ಕೇಳುವಂತೆ, "ಬಾಯಿಗೂ ಇಡ್ಲಿಲ್ಲ ಕಣ್ರೋ! ಬರೀ ಮುಟ್ಟಿ ಹೇಳ್ದ!" ಎಂದರು.

ಅಲ್ಲಿಂದ ಮಾಯಣ್ಣನಿಗೆ ಉಸಿರಾಡಲು ಬಿಡುವಾಗಲಿಲ್ಲ. ಹರಕೆಯ ಮಹಿಮೆ ನೋಡಲು ಪಕ್ಕದ ಮಂಡಿಗಳಿಂದಲೂ ಜನ ಬಂದರು. ಒಬ್ಬ ರೈತ ಬೇಕೆಂದೇ ಒಣಗಿದ ಚೀಲದ ತಳಕ್ಕೆ ಒಂದು ಹಸಿ ಗಿಟುಕು ಸೇರಿಸಿ ತಂದ. ಮಾಯಣ್ಣ ಅದನ್ನು ತೆಗೆದು ಅವನ ಕೈಗೇ ಕೊಟ್ಟ. ಇನ್ನೊಬ್ಬ ಪ್ರಸಾದವೆಂದು ಹುರಿಗಡಲೆ ಕೊಡಲು ಬಂದ, ಮಾಯಣ್ಣ ಅದಕ್ಕೂ ಹರಕೆ ಎಂದ. ಮಧ್ಯಾಹ್ನದ ಬುತ್ತಿಗೆ ತಿಮ್ಮಕ್ಕ ಕಳಿಸಿದ್ದು ರೊಟ್ಟಿ. ಅದನ್ನೂ ಹರಕೆಗೆ ಸೇರಿಸಿ ಮಜ್ಜಿಗೆ ಕುಡಿದ. ಮೂರು ಗಂಟೆಗೆ ಅವನು ಮೂವತ್ತೆಂಟು ಮಾಲು ನೋಡಿ ಮುಗಿಸಿದ್ದ, ಒಂದೂ ತಪ್ಪಿರಲಿಲ್ಲ. ಹೊಟ್ಟೆ ಹಸಿದು ತಲೆ ತಿರುಗುತ್ತಿದ್ದರೂ ಮನಸ್ಸು ಹಗುರಾಗಿತ್ತು. ಹಲ್ಲು ವಾಲಿಕೊಂಡೇ ಇತ್ತು, ಆದರೆ ಇತ್ತು.

ಗಾದಿಯ ಮೇಲೆ ಕೂತಿದ್ದ ಏಕಾಂತಯ್ಯನವರು ಇದನ್ನೆಲ್ಲ ಬೆಳಗ್ಗೆಯಿಂದ ನೋಡುತ್ತಿದ್ದರು.

ಮೂರೂವರೆಯ ಬಸ್ಸಿಗೆ ತುಮಕೂರಿನಿಂದ ಹಲ್ಲಿನ ಡಾಕ್ಟರು ವಿಮಲಮ್ಮ ಬಂದರು. ಕನ್ನಡಕದ ತೆಳ್ಳಗಿನ ಹೆಂಗಸು, ಕೈಯಲ್ಲಿ ಚಿಕ್ಕ ಕನ್ನಡಿ, ಟಾರ್ಚು. ಅಂಗಳದಲ್ಲಿ ಕುರ್ಚಿ ಹಾಕಿದರು. ಕಾಡಸಿದ್ದಪ್ಪ ಹೊಸ ಪುಸ್ತಕ ಬಿಚ್ಚಿಕೊಂಡು ಪಕ್ಕದಲ್ಲಿ ನಿಂತ. ಹಮಾಲಿಗಳು ಮುಖ ತೊಳೆದು ಸಾಲಾಗಿ ಬಂದು, ಹೆಸರು ಹೇಳಿ, ಬಾಯಿ ತೆರೆದರು. ಎಷ್ಟೋ ಜನರಿಗೆ ತಮ್ಮ ಬಾಯಲ್ಲಿ ಎಷ್ಟಿವೆ ಎಂಬುದು ಅವತ್ತೇ ಗೊತ್ತಾದದ್ದು. ಹುಚ್ಚರಂಗಯ್ಯನಿಗೆ ಹತ್ತೊಂಬತ್ತು. "ಹತ್ತೊಂಬತ್ತೇನಾ? ಇನ್ನೊಂದ್ಸಲ ನೋಡ್ರಮ್ಮ" ಎಂದು ಅವನು ಬೇಡಿಕೊಂಡ. ಅವನ ಧ್ವನಿ ಸಣ್ಣಗಾಗಿತ್ತು. ಮಾಯಣ್ಣನಿಗೆ ಅಷ್ಟು ಹೊತ್ತಿನಲ್ಲೂ ಅವನ ಮೇಲೆ ಮರುಕ ಹುಟ್ಟಿತು.

ಮಾಯಣ್ಣ ಕೊನೆಯವನು. ಕುರ್ಚಿಯಲ್ಲಿ ಕೂತು ಬಾಯಿ ತೆರೆದ. ಹಲ್ಲಿಗೆ ಹಿಂದಿನಿಂದ ನಾಲಿಗೆ ಒತ್ತುಕೊಟ್ಟಿದ್ದ.

"ನಾಲಿಗೆ ತೆಗೀರಿ" ಎಂದರು ವಿಮಲಮ್ಮ.

ನಾಲಿಗೆ ಹಿಂದೆ ಸರಿಯಿತು. ಆಕೆ ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ತಟ್ಟುತ್ತ ಎಣಿಸಿದರು. ಕೆಳಗಿನ ಸಾಲು ಮುಗಿಯಿತು. ಮೇಲಿನ ಬಲಗಡೆ ಮುಗಿಯಿತು. ಹಿಡಿ ಮುಂದಿನ ಹಲ್ಲಿನ ಹತ್ತಿರ ಬಂದು ನಿಂತಿತು. ವಿಮಲಮ್ಮ ಹಲ್ಲನ್ನು ನೋಡಿದರು, ಆಮೇಲೆ ಮಾಯಣ್ಣನ ಕಣ್ಣನ್ನು ನೋಡಿದರು. ಆ ಕಣ್ಣಿನಲ್ಲಿ ಬೆಳಗ್ಗೆಯಿಂದ ಪಟ್ಟ ಪಾಡೆಲ್ಲ ಇತ್ತು. ಆಕೆ ಕಾಡಸಿದ್ದಪ್ಪನ ಕಡೆ ತಿರುಗಿ ಹಿಡಿಯನ್ನು ಹಲ್ಲಿಗೆ ತಾಗಿಸದೆ ಮುಂದಕ್ಕೆ ಒಯ್ದರು.

"ಇದೂ ಇದೆ, ಬರ್ಕೊಳ್ಳಿ." ಎಡಗಡೆಯನ್ನೂ ಎಣಿಸಿ ಮುಗಿಸಿ, "ಒಟ್ಟು ಮೂವತ್ತು" ಎಂದರು.

ಮಾಯಣ್ಣ ಎದ್ದು ನಿಂತು ಆ ತಾಯಿಗೆ ಕೈ ಮುಗಿದ. ಮಂಡಿಯ ಗೋಡೆ ಗಡಿಯಾರದಲ್ಲಿ ನಾಲ್ಕು ಮುಕ್ಕಾಲಾಗಿತ್ತು. ಎಣಿಕೆ ಮುಗಿದಿತ್ತು, ಡಾಕ್ಟರು ಸಹಿ ಹಾಕಿದ್ದರು, ಹಲ್ಲು ಬಾಯಲ್ಲಿತ್ತು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಮನೆಗೆ ಹೋಗಿ ಒಣ ರೊಟ್ಟಿಯನ್ನೇ ಕಚ್ಚಿ ತಿನ್ನಬೇಕು, ಹಲ್ಲು ಬೇಕಾದರೆ ಅಲ್ಲೇ ಬೀಳಲಿ ಎಂದುಕೊಂಡ.

"ಮಾಯಣ್ಣ, ಬಾ ಇಲ್ಲಿ. ಕೂತ್ಕೋ" ಎಂದು ಗಾದಿಯಿಂದ ಏಕಾಂತಯ್ಯನವರು ಕರೆದರು. ಅವನು ಹೋಗಿ ಕೂತ. ಯಜಮಾನರು ಬಾಯಿಂದ ಸೆಟ್ಟು ತೆಗೆದು ಹಿತ್ತಾಳೆ ಲೋಟಕ್ಕೆ ಹಾಕಿದರು. ಕಾಡಸಿದ್ದಪ್ಪ ಅದನ್ನು ನೋಡಿ ಪುಸ್ತಕವನ್ನು ಮತ್ತೆ ಬಿಚ್ಚಿದ.

"ನಿಮ್ಮಪ್ಪನ್ನೂ ನೋಡಿದೀನಿ, ನಿನ್ನೂ ನೋಡಿದೀನಿ. ಇವತ್ತಿನಂಥ ದಿನ ನೋಡಿರ್ಲಿಲ್ಲ. ಮೂವತ್ತೆಂಟು ಮಾಲು, ಒಂದನ್ನೂ ಕಚ್ಚಲಿಲ್ಲ, ಒಂದೂ ತಪ್ಪಲಿಲ್ಲ. ನೀನು ನಿಮ್ಮಪ್ಪನಿಗಿಂತ ದೊಡ್ಡೋನು ಕಣಪ್ಪ."

ಇಪ್ಪತ್ತಾರು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು.

"ಕಾಡಸಿದ್ದಪ್ಪ, ನಾಲ್ಕನೇ ರೂಲು ಓದು."

ಕಾಡಸಿದ್ದಪ್ಪ ತಲೆ ತಗ್ಗಿಸಿ ಓದಿದ. "ಮಂಡಿಯ ಕೆಲಸಕ್ಕೆ ಹಲ್ಲು ಬೇಕೇಬೇಕು ಎನ್ನುವವರಿಗೆ ಮಾತ್ರ ಹೊಸ ಹಲ್ಲು."

"ಹುಚ್ಚರಂಗಯ್ಯಂಗೆ ಚಾಕು ಐತೆ, ಹೊಸ ಹಲ್ಲಿಲ್ಲ ಅಂದೆ. ಮಾಯಣ್ಣಂಗೆ ಕಿವಿ ಐತೆ. ಅವ್ನಿಗೊಂದು ನ್ಯಾಯ, ಇವ್ನಿಗೊಂದು ನ್ಯಾಯ ಮಾಡಿದ್ರೆ ಶಿವ ಮೆಚ್ತಾನಾ? ಮಾಯಣ್ಣನ ಹೆಸ್ರು ಆ ರೂಲಿಂದ ತೆಗಿ. ಕೀಳೋದು, ತುಂಬೋದು ಇರ್ಲಿ, ಎಲ್ಲಾರಿಗೂ ಇದ್ದಂಗೆ."

ಬಾಗಿಲಲ್ಲಿ ನಿಂತಿದ್ದ ಹಮಾಲಿಗಳು ಹೌದೌದು ಎಂದು ತಲೆಯಾಡಿಸಿದರು. ವಿಮೆಯ ವಿಚಾರದಲ್ಲಿ ಅವರಿಗೆ ಸಮಾಧಾನವಾದದ್ದು ಅದೇ ಮೊದಲು.

ಮಾಯಣ್ಣ ದಡಬಡಿಸಿ ಎದ್ದ. "ಸಾವ್ಕಾರ್ರೇ, ಹಂಗನ್ಬ್ಯಾಡಿ! ಕಚ್ಚದೆ ಆಗಲ್ಲ! ಇವತ್ತು ಏನೋ ಹರಕೆ, ದೇವರು ನಡಿಸ್ದ. ದಿನಾ ನಡೀತದಾ? ಹಲ್ಲೇ ಮುಖ್ಯ ಕಣ್ರೀ! ನೋಡಿ ಬೇಕಾರೆ!"

ಬೆಳಗ್ಗೆಯಿಂದ ಅವನು ಪೂರ್ತಿ ಬಾಯಿ ಬಿಟ್ಟು ಆಡಿದ ಮೊದಲ ಮಾತು ಅದು. ಆಡಿದ ಆವೇಶದಲ್ಲೇ ಪಕ್ಕದ ಬುಟ್ಟಿಯಿಂದ ಶಿವರುದ್ರಮ್ಮನವರ ಮೊದಲ ಚೀಲದ ಒಂದು ಹೋಳು ಎತ್ತಿ, ಅಪ್ಪನ ಕಾಲದಿಂದ ಬಂದ ರೀತಿಯಲ್ಲೇ, ಮುಂದಿನ ಹಲ್ಲಿನಲ್ಲಿ ಕಟ್ಟನೆ ಕಚ್ಚಿದ.

ಸದ್ದು ಬಂತು. ಕೊಬ್ಬರಿ ಮುರಿಯಲಿಲ್ಲ. ಕೈ ಕೆಳಗಿಳಿಸಿದಾಗ ಹೋಳಿನ ಬಿಳಿಯ ಮೇಲೆ ಅವನ ಹಲ್ಲು ನಾಟಿಕೊಂಡು ನಿಂತಿತ್ತು. ಏಕಾಂತಯ್ಯನವರು ಎದ್ದು ಬಂದು ಹೋಳನ್ನು ಕೈಗೆ ತೆಗೆದುಕೊಂಡು, ಬಹಳ ಹೊತ್ತು ನೋಡಿ, ಮೆತ್ತಗೆ ಕೇಳಿದರು.

"ಹೆಂಗೈತಪ್ಪ ಮಾಲು?"

ಸುಳ್ಳು ಹೇಳಬಹುದಿತ್ತು. ಹಸಿ ಎಂದಿದ್ದರೆ ಕಿವಿ ತಪ್ಪಿತು, ಹಲ್ಲು ಗೆದ್ದಿತು ಎಂದಾಗುತ್ತಿತ್ತು. ಆದರೆ ಕೊಬ್ಬರಿಯ ವಿಚಾರದಲ್ಲಿ ಮಾಯಣ್ಣನಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಬಾಯಿಯ ರಕ್ತವನ್ನು ಟವಲಿನಲ್ಲಿ ಒರೆಸಿಕೊಂಡ.

"ಚೆನ್ನಾಗಿ ಒಣಗೈತೆ" ಎಂದ.

"ಬೆಳಗ್ಗೆ ನಿನ್ನ ಕಿವಿ ಏನು ಹೇಳಿತ್ತು?"

"ಅದನ್ನೇ ಹೇಳಿತ್ತು ಸಾವ್ಕಾರ್ರೇ."

ಏಕಾಂತಯ್ಯನವರು ಹೋಳನ್ನು ಅವನ ಕೈಗೆ ವಾಪಸು ಕೊಟ್ಟು ಬೆನ್ನು ತಟ್ಟಿದರು. ಅವರಿಗೂ ಮನಸ್ಸಿಗೆ ಕಷ್ಟವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. "ಯೋಚ್ನೆ ಮಾಡ್ಬೇಡ. ನಮ್ಮ ಮಂಡಿಗೆ ಬೇಕಾಗಿರೋದು ನಿನ್ನ ಕಿವಿ. ಬರೋ ವರ್ಷ ಕಿವಿಗೊಂದು ವಿಮೆ ಮಾಡೋಣ. ಕಾಡಸಿದ್ದಪ್ಪ, ಇವತ್ತೇ ಎಣಿಸಿ ಬರ್ಕೊಂಡ್ಬಿಡು. ಎರಡು."

ಮಾಯಣ್ಣ ಹಲ್ಲನ್ನು ಬಿಡಿಸಿ ಟವಲಿನ ತುದಿಗೆ ಗಂಟು ಹಾಕಿಕೊಂಡು ಹೊರಗೆ ಬಂದ. ಹುಚ್ಚರಂಗಯ್ಯ ಅವನ ಜೊತೆ ಹೆಜ್ಜೆ ಹಾಕಿದ. ಇಬ್ಬರೂ ರೈಲ್ವೆ ಗೇಟಿನವರೆಗೆ ಹಾಗೇ ನಡೆದರು. ಗೇಟು ಹಾಕಿತ್ತು. ನಿಂತರು. ಹುಚ್ಚರಂಗಯ್ಯನಿಗೆ ಪಾಪ ಎನ್ನಿಸಿರಬೇಕು, ಮೆಲ್ಲಗೆ ಅವನ ಭುಜ ಮುಟ್ಟಿದ.

"ಒಂದ್ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ ಕಣಣ್ಣ. ಹೊಸದು ಕಟ್ಸೋದು ಹೋಗ್ಲಿ ಬುಡು. ಕೀಳೋದಾದ್ರೂ ಪೂರ್ತಿ ಮಂಡಿ ಖರ್ಚಿಂದಿತ್ತು. ಡಾಕ್ಟ್ರಮ್ಮ ಅಲ್ಲೇ ಕೂತಿದ್ರು. ಅದನ್ನೂ ನೀನೇ ಕಿತ್ಕೊಂಡ್ಬುಟ್ಯಲ್ಲ!"